ನೈಟ್ರೋ ಹೈಡ್ರೋಪ್ಲೇನ್ ಕಟ್ಟುವ ಮೊದಲು: ಯಾವ ನೀರು, ಯಾವ ಹಲ್, ಎಷ್ಟು ಸಿಸಿ?

ರೇಡಿಯೋ ಕಂಟ್ರೋಲ್ (ಆರ್‌ಸಿ) ಬೋಟಿನ ಹುಚ್ಚು ಹಿಡಿದವರು ಮೊದಲು ಕೇಳುವುದು ಎಂಜಿನ್ ಬಗ್ಗೆ. 3.5 ಸಿಸಿ ಸಾಕಾ, 7.5 ಬೇಕಾ? ಆಮೇಲೆ ಹಲ್, ಅಂದರೆ ಬೋಟಿನ ಮೈ. ರಿಗ್ಗರ್ ಕಟ್ಟಲಾ, ಸ್ಪೋರ್ಟ್ ಹೈಡ್ರೋ ಕಟ್ಟಲಾ? ಇಂಧನ ಎಲ್ಲಿಂದ ತರುವುದು, ಬೋಟು ಎಲ್ಲಿ ಓಡಿಸುವುದು ಅನ್ನುವ ಪ್ರಶ್ನೆ ಬರುವುದು ಕೊನೆಗೆ, ದುಡ್ಡು ಖರ್ಚಾದ ಮೇಲೆ. ಬೆಂಗಳೂರಿನಲ್ಲಿ ಈ ಸಾಲನ್ನು ಪೂರ್ತಿ ತಿರುಗಿಸಿ ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ನೀರು, ಆಮೇಲೆ ಇಂಧನ, ಆಮೇಲೆ ಹಲ್, ಕೊನೆಗೆ ಎಂಜಿನ್. ಈ ದಾರಿಯಲ್ಲಿ ಬಂದರೆ ಅರ್ಧ ಆಯ್ಕೆಗಳು ತಾವಾಗಿ ಉದುರಿ ಹೋಗುತ್ತವೆ.

ಹೊಸಬರಿಗಾಗಿ ಎರಡು ಮಾತು. ನೈಟ್ರೋ ಅಂದರೆ ನೈಟ್ರೋಮೀಥೇನ್ ಬೆರೆತ ಇಂಧನದಲ್ಲಿ ಓಡುವ ಚಿಕ್ಕ ಎಂಜಿನ್. ಹೈಡ್ರೋಪ್ಲೇನ್‌ಗೆ ಮುಂದೆ ಎಡಬಲಕ್ಕೆ ಎರಡು ಸ್ಪಾನ್ಸನ್ (ನೀರಿನ ಮೇಲೆ ಜಾರುವ ಪಕ್ಕದ ತೇಲುಗಳು) ಇರುತ್ತವೆ, ಹಿಂದೆ ಅರ್ಧ ಮುಳುಗಿದ ಪ್ರೊಪೆಲ್ಲರ್. ಓಡುವಾಗ ಬೋಟು ನೀರನ್ನು ಮುಟ್ಟುವುದು ಮುಖ್ಯವಾಗಿ ಈ ಮೂರು ಕಡೆ. ಉಳಿದ ಮೈಯೆಲ್ಲ ಗಾಳಿಯಲ್ಲಿ. 1950ರ ಜೂನ್‌ನಲ್ಲಿ ಸಿಯಾಟಲ್‌ನ ಲೇಕ್ ವಾಷಿಂಗ್ಟನ್‌ನಲ್ಲಿ ಸ್ಲೋ-ಮೋ-ಶನ್ 4 ಎಂಬ ದೊಡ್ಡ ಬೋಟು ಹೀಗೆ ಪ್ರೊಪೆಲ್ಲರ್ ಮೇಲೆ ಹಿಂಭಾಗ ಹೊತ್ತುಕೊಂಡು ಗಂಟೆಗೆ 160 ಮೈಲಿ ದಾಟಿತು. ರೇಸ್ ಬೋಟುಗಳ ರೂಪವೇ ಆಮೇಲೆ ಬದಲಾಯಿತು. ಆದರೆ ಇದೇ ಗುಣದಲ್ಲಿ ಅಪಾಯವೂ ಇದೆ. ಅಡಿಗೆ ನುಗ್ಗಿದ ಗಾಳಿ ಮೂತಿ ಎತ್ತಿದರೆ ಬೋಟು ಹಿಮ್ಮುಖವಾಗಿ ಪಲ್ಟಿ ಹೊಡೆಯುತ್ತದೆ. 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ವಾಟರ್‌ನಲ್ಲಿ ಬ್ಲೂಬರ್ಡ್ ಕೆ7 ಹೀಗೆಯೇ ಮೇಲೆದ್ದು ಮಗುಚಿತು, ಡೊನಾಲ್ಡ್ ಕ್ಯಾಂಬೆಲ್ ಪ್ರಾಣ ಕಳೆದುಕೊಂಡರು. ಎರಡು ಕೆಜಿ ಮಾಡೆಲ್‌ಗೂ ಅದೇ ಗಾಳಿ, ಅದೇ ಲೆಕ್ಕ.

ಯಾವುದರಿಂದ ಅಳೆಯಬೇಕು

ನಾನು ಪ್ರತಿ ಆಯ್ಕೆಯನ್ನೂ ಐದು ವಿಷಯಕ್ಕೆ ಹಚ್ಚಿ ನೋಡುತ್ತೇನೆ. ನಿಮಗೆ ಸಿಗುವ ನೀರು ಎಷ್ಟು ಉದ್ದ, ಎಷ್ಟು ಸಮತಟ್ಟು? ಇಂಧನ ಸತತವಾಗಿ ಸಿಗುತ್ತದಾ? ಜೊತೆಗೆ ಒಬ್ಬರು ಬರುತ್ತಾರಾ? ಕೈಕೆಲಸ ಎಷ್ಟು ಬರುತ್ತದೆ? ಕೊನೆಗೆ ದುಡ್ಡು. ಇವುಗಳಲ್ಲಿ ಮೊದಲ ಎರಡು ತುಂಬಾ ಭಾರ. ಅವೆರಡು ಸರಿಯಿದ್ದರೆ ಉಳಿದ ಮೂರನ್ನು ಹೇಗೋ ಹೊಂದಿಸಬಹುದು.

ನೀರಿನಿಂದ ಶುರು ಮಾಡೋಣ. ಒಳ್ಳೆಯ 3.5 ಸಿಸಿ ಬೋಟು ಗಂಟೆಗೆ 90 ಕಿ.ಮೀ. ಓಡಿತು ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 25 ಮೀಟರ್. ತೋಟದಲ್ಲಿರುವ 21 ಮೀಟರ್ ಕೃಷಿ ಹೊಂಡವನ್ನು ಅದು ಒಂದು ಸೆಕೆಂಡಿನೊಳಗೆ ದಾಟುತ್ತದೆ. ಹಾಗಾಗಿ ಕೃಷಿ ಹೊಂಡ ಎಂಜಿನ್ ಟೆಸ್ಟಿಗೆ ಮಾತ್ರ, ಓಡಿಸೋಕೆ ಅಲ್ಲ. ಅಮೆರಿಕದ ಮಾಡೆಲ್ ಬೋಟ್ ರೇಸುಗಳ ಓವಲ್‌ನಲ್ಲಿ ನೇರ ಓಟವೇ 330 ಅಡಿ, ಅಂದರೆ ಸುಮಾರು 100 ಮೀಟರ್. ತಿರುವು, ತಪ್ಪಿದರೆ ನಿಲ್ಲಿಸುವ ಜಾಗ ಎಲ್ಲ ಸೇರಿಸಿದರೆ 150 ಮೀಟರ್ ಉದ್ದ, 60 ಮೀಟರ್ ಅಗಲದ ತೆರೆದ ನೀರು ಬೇಕು. 7.5 ಸಿಸಿಗೆ ಇನ್ನೂ ಜಾಸ್ತಿ.

ಹಾಗಿದ್ದರೆ ಹಲಸೂರು ಕೆರೆ, ಸ್ಯಾಂಕಿ ಕೆರೆ ಆಗುವುದಿಲ್ವಾ? ಆಗುವುದಿಲ್ಲ. ಅಳತೆಯಲ್ಲಿ ಅವು ಸಾಲುತ್ತವೆ. ಆದರೆ ಏರಿಯ ಮೇಲೆ ವಾಕಿಂಗ್ ಮಾಡುವವರು, ನೀರಿನಲ್ಲಿ ಹಕ್ಕಿಗಳು, ಸುತ್ತ ಮನೆಗಳು. ನೈಟ್ರೋ ಎಂಜಿನ್‌ನ ಕೂಗು ಕಿವಿ ತೂತು ಮಾಡುವಂಥದ್ದು. ಅದರ ಮೇಲೆ, ಇಂಧನದಲ್ಲಿ ಐದನೇ ಒಂದು ಭಾಗದಷ್ಟು ಎಣ್ಣೆ ಇರುತ್ತದೆ. ಅದು ಪೂರ್ತಿ ಉರಿಯುವುದಿಲ್ಲ, ಹೆಚ್ಚಿನದು ಹೊಗೆಯ ಜೊತೆ ಹೊರಬಂದು ನೀರಿನ ಮೇಲೆ ಬೀಳುತ್ತದೆ. ನಗರದೊಳಗಿನ ಕೆರೆಯಲ್ಲಿ ನೈಟ್ರೋ ಬೋಟು ಬಿಡುವುದು ಸರಿಯಲ್ಲ ಅಂತಲೇ ನನ್ನ ನಂಬಿಕೆ, ಯಾರೂ ತಡೆಯದಿದ್ದರೂ.

ಊರಾಚೆ ಹೋಗಬೇಕು. ಹೊಸಕೋಟೆ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಕೆರೆಗಳಿಗೆ ಬರವಿಲ್ಲ. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳ ಸಂಸ್ಕರಿಸಿದ ನೀರು ಬರುವ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಂತಿರುತ್ತದೆ. ಆದರೆ ಅಲ್ಲಿ ಮೂವರನ್ನು ಕೇಳದೆ ಬೋಟು ಇಳಿಸಬೇಡಿ: ಪಂಚಾಯಿತಿ, ಮೀನಿನ ಗುತ್ತಿಗೆ ಹಿಡಿದವರು, ದನ ನೀರಿಗೆ ಬಿಡುವ ಊರಿನವರು. ಗುತ್ತಿಗೆದಾರರ ಜೊತೆ ಮಾತು ಮುಖ್ಯ. ಬಲೆ ಎಲ್ಲಿ ಹಾಕಿದ್ದಾರೆ ಅಂತ ಅವರಿಗೆ ಮಾತ್ರ ಗೊತ್ತು. ಬಲೆಗೆ ಪ್ರೊಪೆಲ್ಲರ್ ಸಿಕ್ಕಿದರೆ ಬೋಟೂ ಹೋಯಿತು, ಅವರ ಬಲೆಯೂ ಹೋಯಿತು. ಜನ ಕುಡಿಯುವ ನೀರಿನ ಕೆರೆಯಾದರೆ ಅಲ್ಲಿಂದ ವಾಪಸ್ ಬನ್ನಿ. ನೀರು ತುಂಬಿದ ಹಳೆ ಕಲ್ಲು ಕ್ವಾರಿಗಳ ಆಸೆಯೂ ಬೇಡ. ಅಂಚು ಕಡಿದಾಗಿರುತ್ತದೆ, ಆಳ ಗೊತ್ತಾಗುವುದಿಲ್ಲ, ನಿಂತ ಬೋಟು ತರಲು ಇಳಿದವರು ಮೇಲೆ ಬರುವುದು ಕಷ್ಟ.

ಗಾಳಿಯದೂ ಒಂದು ಲೆಕ್ಕ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಪಡುವಣ ಗಾಳಿ ಜೋರು, ನೀರಿನ ಮೇಲೆ ದಿನವೆಲ್ಲ ಸಣ್ಣ ಅಲೆ. ಮಳೆಗಾಲ ಮುಗಿದು ಕೆರೆ ತುಂಬಿರುವ ತಿಂಗಳುಗಳಲ್ಲಿ, ಬೆಳಿಗ್ಗೆ ಒಂಬತ್ತರೊಳಗೆ ನೀರು ಕನ್ನಡಿಯ ಹಾಗಿರುತ್ತದೆ. ನೀವು ಯಾವ ಹೊತ್ತಿಗೆ ಹೋಗಬಲ್ಲಿರಿ ಅನ್ನುವುದು ಕೂಡ ಹಲ್ ಆಯ್ಕೆಯನ್ನು ತೀರ್ಮಾನಿಸುತ್ತದೆ.

ಇಂಧನ ಸಿಗದಿದ್ದರೆ ಎಂಜಿನ್ ಶೋಕೇಸಿಗೆ

ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ. ಇಷ್ಟೇ ಇದರ ಮಸಾಲೆ. ಆರ್‌ಸಿ ಕಾರು, ವಿಮಾನದವರು ಬಳಸುವ ಇಂಧನದಲ್ಲಿ ನೈಟ್ರೋ 10ರಿಂದ 25 ಪರ್ಸೆಂಟ್ ಇರುತ್ತದೆ. ಹಾಬಿ ಅಂಗಡಿಗಳಲ್ಲಿ ಸಿಕ್ಕರೆ ಸಿಗುವುದು ಇದೇ. ರೇಸ್ ಬೋಟಿನವರು ಹೊರದೇಶಗಳಲ್ಲಿ 40ರಿಂದ 60 ಪರ್ಸೆಂಟ್ ಹಾಕುತ್ತಾರೆ. ಏಕೆ ಅಂದರೆ ನೈಟ್ರೋಮೀಥೇನ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ಒಂದು ಕೆಜಿ ಪೆಟ್ರೋಲ್ ಉರಿಯಲು 14.7 ಕೆಜಿ ಗಾಳಿ ಬೇಕು. ಮೆಥನಾಲ್‌ಗೆ ಸುಮಾರು 6.5 ಕೆಜಿ. ನೈಟ್ರೋಮೀಥೇನ್‌ಗೆ 1.7 ಕೆಜಿ ಸಾಕು. ಹಾಗಾಗಿ ಅದೇ ಗಾಳಿಗೆ ಎಷ್ಟೋ ಪಟ್ಟು ಇಂಧನ ಉರಿಸಬಹುದು.

ಎರಡು ದಾರಿಗಳಿವೆ. ಸಿಗುವ 20-25 ಪರ್ಸೆಂಟ್ ಇಂಧನಕ್ಕೆ ತಕ್ಕಂತೆ ಎಂಜಿನ್ ಹೊಂದಿಸಿಕೊಳ್ಳುವುದು ಒಂದು. ಎಣ್ಣೆ ಮಾತ್ರ 18 ಪರ್ಸೆಂಟಿಗಿಂತ ಕಡಿಮೆ ಇರಬಾರದು. ಕಾರಿನ ಇಂಧನದಲ್ಲಿ ಹೆಚ್ಚಾಗಿ ಕಡಿಮೆಯೇ ಇರುತ್ತದೆ, ಆಗ ಕ್ಯಾಸ್ಟರ್ ಎಣ್ಣೆ ಸೇರಿಸಬೇಕು. ಅದು ಅಡುಗೆಯ ಅಥವಾ ತಲೆಗೆ ಹಚ್ಚುವ ಹರಳೆಣ್ಣೆ ಅಲ್ಲ, ಗಮ್ ತೆಗೆದ ದರ್ಜೆಯದು. ಎರಡನೆಯ ದಾರಿ 50 ಪರ್ಸೆಂಟ್ ಇಂಧನವನ್ನು ಲೈಸೆನ್ಸ್ ಇರುವ ಮಾರಾಟಗಾರರಿಂದ ತರಿಸುವುದು. ವೇಗ ಹೆಚ್ಚು, ಖರ್ಚೂ ಹೆಚ್ಚು, ಕಾಯುವುದೂ ಹೆಚ್ಚು. ಹೊಸಬರು ಮೊದಲನೆಯದನ್ನೇ ಹಿಡಿಯಲಿ. ಮೊದಲ ಸೀಸನ್‌ನಲ್ಲಿ ನಿಮಗೆ ಬೇಕಾದದ್ದು ಹತ್ತು ಕಿ.ಮೀ. ಹೆಚ್ಚಿನ ವೇಗ ಅಲ್ಲ, ಪ್ರತಿ ಭಾನುವಾರ ಸ್ಟಾರ್ಟ್ ಆಗುವ ಎಂಜಿನ್.

ಮನೆಯಲ್ಲಿ ನೈಟ್ರೋಮೀಥೇನ್ ಕಲಸುವ ಸಾಹಸ ಬೇಡವೇ ಬೇಡ. ಮೆಥನಾಲ್ ವಿಷ. ಕುಡಿದರೆ ಕಣ್ಣು, ಜೀವ ಎರಡೂ ಹೋಗಬಹುದು. ಚರ್ಮದ ಮೂಲಕವೂ ಮೈ ಸೇರುತ್ತದೆ. ಬಿಸಿಲಿನಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣುವುದಿಲ್ಲ. ಕೈಗವಸು, ಹತ್ತಿರದಲ್ಲಿ ಒಂದು ಬಕೆಟ್ ನೀರು, ಮಕ್ಕಳ ಕೈಗೆ ಸಿಗದ ಬೀಗದ ಪೆಟ್ಟಿಗೆ ಇರಲೇಬೇಕು. ಮೆಟ್ರೋ, ಬಸ್ಸಿನಲ್ಲಿ ಒಯ್ಯುವ ಹಾಗಿಲ್ಲ.

ಖರ್ಚಿನ ಅಂದಾಜು ಹೀಗೆ. 3.5 ಸಿಸಿ ಬೋಟಿಗೆ ನಾಲ್ಕೈದು ನಿಮಿಷದ ಓಟಕ್ಕೆ 150 ಮಿ.ಲೀ. ಆಸುಪಾಸು ಬೇಕು. 7.5 ಸಿಸಿಗೆ ಅದರ ಎರಡು ಪಟ್ಟು. ಒಂದು ಗ್ಯಾಲನ್ ಡಬ್ಬದಲ್ಲಿ ಚಿಕ್ಕ ಬೋಟು 25 ಸಲ ಓಡಿದರೆ ದೊಡ್ಡದು ಹನ್ನೆರಡು ಸಲ. ಇಂಧನ ಕಷ್ಟಪಟ್ಟು ತರುವ ಊರಿನಲ್ಲಿ ಈ ಒಂದು ಲೆಕ್ಕವೇ ಅನೇಕರ ತೀರ್ಮಾನ ಮಾಡಿಬಿಡುತ್ತದೆ.

ರಿಗ್ಗರ್ ಮತ್ತು ಸ್ಪೋರ್ಟ್ ಹೈಡ್ರೋ

ರಿಗ್ಗರ್ ಅಂದರೆ ನಡುವೆ ಸಪೂರ ಟಬ್, ಅದರಿಂದ ಪೈಪಿನ ತೋಳುಗಳು ಹೊರಚಾಚಿ ಸ್ಪಾನ್ಸನ್ ಹಿಡಿದಿರುತ್ತವೆ. ಮಧ್ಯೆ ಎಲ್ಲ ಬಯಲು. ಗಾಳಿಗೆ ಎತ್ತಲು ಡೆಕ್ ಇಲ್ಲ, ಆದ್ದರಿಂದ ಅದೇ ಎಂಜಿನ್‌ಗೆ ಅತಿ ಹೆಚ್ಚು ವೇಗ ಕೊಡುವುದು ಇದೇ. ತಿರುವಿನಲ್ಲಿ ಹಳಿ ಮೇಲಿನ ರೈಲಿನಂತೆ ಹೋಗುತ್ತದೆ. ಇನ್ನೊಂದು ದೊಡ್ಡ ಲಾಭ ಅಂದರೆ ಸ್ಪಾನ್ಸನ್ ಕೋನ, ಸ್ಟ್ರಟ್ (ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಹಿಡಿಯುವ ಕಾಲು) ಎತ್ತರ, ಟರ್ನ್ ಫಿನ್ (ತಿರುವಿನಲ್ಲಿ ನೀರು ಹಿಡಿಯುವ ತಗಡು) ಎಲ್ಲವನ್ನೂ ಸ್ಕ್ರೂ ಸಡಿಲಿಸಿ ಬದಲಾಯಿಸಬಹುದು. ಒಂದು ಸ್ಪಾನ್ಸನ್ ಮುರಿದರೆ ಅದನ್ನು ಮಾತ್ರ ಹೊಸದು ಕಟ್ಟಿದರಾಯಿತು.

ತೊಂದರೆ ಎಲ್ಲಿ? ರಿಗ್ಗರ್ ನಿಧಾನಕ್ಕೆ ಓಡಲು ಹುಟ್ಟಿಲ್ಲ. ಇದರಲ್ಲಿ ಕ್ಲಚ್ ಇಲ್ಲ. ಎಂಜಿನ್ ತಿರುಗುತ್ತಿದ್ದರೆ ಪ್ರೊಪೆಲ್ಲರ್ ತಿರುಗುತ್ತಲೇ ಇರುತ್ತದೆ. ದಡದಲ್ಲಿ ನಿಂತು, ಥ್ರಾಟಲ್ ಕೊಟ್ಟು, ಇನ್ನೊಬ್ಬರು ಅದನ್ನು ನೀರಿನ ಮೇಲೆ ಸಮತಟ್ಟಾಗಿ ಎಸೆಯಬೇಕು. ದಡದ ಹತ್ತಿರ ಜೊಂಡು, ಕಳೆ ಇದ್ದರೆ ಅಲ್ಲೇ ಮುಗಿಯಿತು. ನಮ್ಮ ಕೆರೆಗಳಲ್ಲಿ ಅಂತರಗಂಗೆಯ ಒಂದು ಗೊಂಚಲು ತೇಲಿ ಬಂದು ಮುಂದಿನ ತೋಳಿಗೆ ಸಿಕ್ಕಿದರೂ ಬೋಟು ಸುತ್ತಿ ಬೀಳುತ್ತದೆ. ಗಾಳಿ ಎದ್ದು ಅಲೆ ಬಂದರೆ ಮನೆಗೆ ಹೋಗುವುದೇ ಒಳ್ಳೆಯದು.

ಸ್ಪೋರ್ಟ್ ಹೈಡ್ರೋ ನೋಡಲು ನಿಜವಾದ ರೇಸ್ ಬೋಟಿನಂತೆ ಇರುತ್ತದೆ. ಅಗಲ ಡೆಕ್, ಮುಂದೆ ಮೈಗೆ ಅಂಟಿದ ಸ್ಪಾನ್ಸನ್, ಹಿಂದೆ ರೆಕ್ಕೆ. ಸಣ್ಣ ಅಲೆಯನ್ನು ರಿಗ್ಗರ್‌ಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಒಳಗೆ ಜಾಗ ಜಾಸ್ತಿ, ಫೋಮ್ ತುಂಬಲು, ರೇಡಿಯೋ ಬಾಕ್ಸ್ ಇಡಲು ಸುಲಭ. ದಡದಲ್ಲಿ ನಿಂತ ಜನರಿಗೆ ಇಷ್ಟವಾಗುವುದೂ ಇದೇ. ಆದರೆ ಅದೇ ಡೆಕ್ ಎದುರುಗಾಳಿಯಲ್ಲಿ ರೆಕ್ಕೆಯಾಗಿ ಮೂತಿ ಎತ್ತುತ್ತದೆ. ವೇಗ ಹೆಚ್ಚಿದಷ್ಟೂ ಹಿಂದಕ್ಕೆ ಪಲ್ಟಿಯಾಗುವ ಭಯ. ಸ್ಪಾನ್ಸನ್ ಕೋನ ಕಟ್ಟುವಾಗಲೇ ತೀರ್ಮಾನವಾಗಿಬಿಡುತ್ತದೆ. ಬಲಗಡೆ ಒಂದು ಮಿ.ಮೀ. ತಪ್ಪಿದರೆ ಮರಳು ಕಾಗದ ಹಿಡಿದು ಕೂರಬೇಕು.

ಎರಡಕ್ಕೂ ಟರ್ನ್ ಫಿನ್ ಬಲಗಡೆಯ ಸ್ಪಾನ್ಸನ್‌ನಲ್ಲಿ. ರೇಸ್ ಸುತ್ತು ಬಲಕ್ಕೇ ತಿರುಗುವುದರಿಂದ ಹೀಗೆ. ಎಡಕ್ಕೆ ಜೋರಾಗಿ ತಿರುಗಿಸಿದರೆ ಬೋಟು ಮಗುಚುತ್ತದೆ. ನೀವು ಆರಿಸುವ ದಡದಲ್ಲಿ ಬಲಕ್ಕೆ ಸುತ್ತಲು ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ನನ್ನ ಒಲವು? ಬೆಳಿಗ್ಗೆ ಬೇಗ ಹೋಗಬಲ್ಲವರಿಗೆ, ಜೊತೆಗಾರರು ಇರುವವರಿಗೆ, ಕಳೆಯಿಲ್ಲದ ದಡ ಸಿಕ್ಕವರಿಗೆ ರಿಗ್ಗರ್. ಅಲೆ, ಗಾಳಿ, ಕಳೆ ಈ ಮೂರರಲ್ಲಿ ಎರಡು ಇದ್ದರೆ ಸ್ಪೋರ್ಟ್ ಹೈಡ್ರೋ. ಹಳೆಯ ಪ್ರಸಿದ್ಧ ರೇಸ್ ಬೋಟುಗಳ ಎಂಟನೇ ಒಂದು ಅಳತೆಯ ಸ್ಕೇಲ್ ಹೈಡ್ರೋಗಳು ಕಣ್ಣಿಗೆ ಹಬ್ಬ. ಆದರೆ ಅವಕ್ಕೆ 11 ಸಿಸಿ ಎಂಜಿನ್ ಬೇಕು, ದೊಡ್ಡ ನೀರು ಬೇಕು. ಮೊದಲ ಬೋಟಾಗಿ ಬೇಡ.

ಕಿಟ್, ಪ್ಲಾನ್, ರೆಡಿ ಹಲ್

ಮರದ ಕಿಟ್‌ಗಳಲ್ಲಿ ಅಮೆರಿಕದ ಜಿಪ್‌ಕಿಟ್ಸ್‌ನ ಜೆಎಇ 21 ರಿಗ್ಗರ್ ಹೊಸಬರಿಗೆ ಹೆಸರಾದದ್ದು. ಲೇಸರ್‌ನಲ್ಲಿ ಕತ್ತರಿಸಿದ ಬರ್ಚ್ ಪ್ಲೈ ತುಂಡುಗಳು, ಒಂದಕ್ಕೊಂದು ಬೀಗ ಬೀಳುವ ಹಾಗೆ. ಕೋನ ತಪ್ಪುವ ಸಂಭವ ಕಡಿಮೆ. ತೊಡಕು ಅಂದರೆ ಸಾಗಣೆ, ಕಸ್ಟಮ್ಸ್. ಫೈಬರ್ ಗ್ಲಾಸ್ ರೆಡಿ ಹಲ್ ತರಿಸಿದರೆ ಕಟ್ಟುವ ಕೆಲಸ ಉಳಿಯುತ್ತದೆ. ಆದರೆ ದೊಡ್ಡ ಪೆಟ್ಟಿಗೆ, ದೊಡ್ಡ ಸಾಗಣೆ ಖರ್ಚು, ದಾರಿಯಲ್ಲಿ ಬಿರುಕು ಬಿಡುವ ಭಯ.

ಬೆಂಗಳೂರಿನವರಿಗೆ ಮೂರನೆಯ ದಾರಿ ಅತಿ ಒಳ್ಳೆಯದು ಅನ್ನುತ್ತೇನೆ: ಪ್ಲಾನ್ ತಂದು ಇಲ್ಲೇ ಕತ್ತರಿಸುವುದು. ಏರೋಮಾಡೆಲಿಂಗ್ ಬೇರು ಬಿಟ್ಟ ಊರು ಇದು. 1.5 ಮತ್ತು 3 ಮಿ.ಮೀ. ಏರೋ ಪ್ಲೈ ಸಿಗುತ್ತದೆ. ಲೇಸರ್ ಕಟಿಂಗ್ ಮಾಡುವವರು ಊರ ತುಂಬಾ ಇದ್ದಾರೆ. ಎಂಜಿನ್ ಮೌಂಟ್, ಸ್ಟ್ರಟ್, ಟರ್ನ್ ಫಿನ್ ಬ್ರಾಕೆಟ್ ಬೇಕಾದರೆ ಪೀಣ್ಯದಲ್ಲಿ ಡ್ರಾಯಿಂಗ್ ಕೊಟ್ಟರೆ ಸಿಎನ್‌ಸಿಯಲ್ಲಿ ಮಾಡಿಕೊಡುವ ಚಿಕ್ಕ ವರ್ಕ್‌ಶಾಪ್‌ಗಳಿವೆ. ಒಂದೇ ಪೀಸ್ ಅಂದರೆ ಕೆಲವರು ಒಪ್ಪುವುದಿಲ್ಲ. ಇಬ್ಬರು ಮೂವರು ಸೇರಿ ನಾಲ್ಕು ಸೆಟ್ ಮಾಡಿಸಿದರೆ ಅಗ್ಗವೂ ಆಗುತ್ತದೆ, ಸ್ಪೇರ್ ಕೂಡ ಉಳಿಯುತ್ತದೆ. ಸರ್ವೋ, ಬ್ಯಾಟರಿ, ಕನೆಕ್ಟರ್‌ಗೆ ಎಸ್.ಪಿ. ರೋಡ್ ಇದ್ದೇ ಇದೆ. ಫ್ಲೆಕ್ಸ್ ಶಾಫ್ಟ್ (ಎಂಜಿನ್‌ನಿಂದ ಪ್ರೊಪೆಲ್ಲರ್‌ಗೆ ಹೋಗುವ ಬಾಗುವ ಶಾಫ್ಟ್), ಅದನ್ನು ಹಿಡಿಯುವ ಕಾಲೆಟ್, ಫ್ಲೈವೀಲ್ ಮಾತ್ರ ಹೆಸರಾಂತ ಬ್ರಾಂಡಿನದೇ ತರಿಸಿ. 25,000 ಆರ್‌ಪಿಎಂ ದಾಟಿದ ಫ್ಲೈವೀಲ್ ಒಡೆದರೆ ಅದು ಗುಂಡಿನಂತೆ ಹಾರುತ್ತದೆ.

ಅಂಟಿಗೆ ಎಪಾಕ್ಸಿಯೇ ಬೇಕು. ಒಳಗೆ ತೇಲಲು ಥರ್ಮೋಕೋಲ್ ತುಂಬುವುದಾದರೆ ಪಾಲಿಯೆಸ್ಟರ್ ರೆಸಿನ್ ಹತ್ತಿರ ಬರಬಾರದು, ಅದು ಥರ್ಮೋಕೋಲ್ ಕರಗಿಸುತ್ತದೆ. ಈಜುಕೊಳದ ಉದ್ದನೆಯ ಫೋಮ್ ಕೊಳವೆಗಳು ಇನ್ನೂ ಒಳ್ಳೆಯದು. ಬೋಟು ತಲೆಕೆಳಗಾಗಿ ನೀರು ತುಂಬಿದರೂ ತೇಲಬೇಕು, ಅಷ್ಟು ಫೋಮ್ ಇರಲಿ. ಪೇಂಟ್ ಸಾಮಾನ್ಯ ಎನಾಮೆಲ್ ಆದರೆ ನೈಟ್ರೋ ತಾಗಿ ಮೆತ್ತಗಾಗುತ್ತದೆ. ಕಾರಿಗೆ ಹೊಡೆಯುವ, ಎರಡು ಭಾಗ ಬೆರೆಸುವ 2ಕೆ ಕ್ಲಿಯರ್ ಹೊಡೆಸಿ.

ಎಂಜಿನ್: 3.5, 7.5, ಕಾರಿನ ಎಂಜಿನ್

ಕ್ಯೂಬಿಕ್ ಇಂಚಿನ ನೂರನೇ ಭಾಗದ ಲೆಕ್ಕದಲ್ಲಿ ಹೇಳುವವರು 3.5 ಸಿಸಿಗೆ 21 ಅನ್ನುತ್ತಾರೆ, 7.5ಕ್ಕೆ 45, 11ಕ್ಕೆ 67, 15ಕ್ಕೆ 90. ಜಪಾನಿನ ಓಎಸ್, ಇಟಲಿಯ ಸಿಎಂಬಿ ಬೋಟಿನ ಎಂಜಿನ್‌ಗಳಲ್ಲಿ ಹಳೆ ಹೆಸರುಗಳು.

ಮೆರೈನ್ 3.5 ಸಿಸಿ ಹೊರದೇಶದ ಬೆಲೆಯಲ್ಲೇ ಮುನ್ನೂರು ಡಾಲರ್ ಮೇಲಿರುತ್ತದೆ. ಮೇಲೆ ಸಾಗಣೆ, ಸುಂಕ, ಜಿಎಸ್‌ಟಿ. ಎಂಜಿನ್, ಹೊಗೆ ಹೊರಹಾಕುವ ಹೆಡರ್ ಮತ್ತು ಟ್ಯೂನ್ಡ್ ಪೈಪ್ ಸೇರಿದರೆ ಒಟ್ಟು ಬಜೆಟ್ಟಿನ ಅರ್ಧ ಅಲ್ಲೇ ಹೋಗುತ್ತದೆ ಅಂದುಕೊಳ್ಳಿ. ಇದಕ್ಕೆ ನೀರಿನಿಂದ ತಣಿಯುವ ಹೆಡ್, ಬೋಟಿಗೆ ತಕ್ಕ ಕಾರ್ಬ್ಯುರೇಟರ್, ಬೆಲ್ಟ್ ಹಾಕಿ ಸ್ಟಾರ್ಟ್ ಮಾಡುವ ಫ್ಲೈವೀಲ್ ಎಲ್ಲ ಹೊಂದಿಕೆಯಾಗಿ ಬರುತ್ತವೆ.

ಕಡಿಮೆ ಬಜೆಟ್ಟಿನವರು ಕೇಳುವುದು ಆರ್‌ಸಿ ಬಗ್ಗಿಯ (ಮಾಡೆಲ್ ಕಾರಿನ) 21 ಎಂಜಿನ್ ಹಾಕಬಹುದಾ ಅಂತ. ಹಾಕಬಹುದು. ಬಗ್ಗಿ ಎಂಜಿನ್ ಸೆಕೆಂಡ್ ಹ್ಯಾಂಡ್ ಸುಲಭವಾಗಿ ಸಿಗುತ್ತದೆ. ವಾಟರ್ ಕೂಲ್ಡ್ ಹೆಡ್ ಪೀಣ್ಯದಲ್ಲಿ ಮಾಡಿಸಬಹುದು. ಆದರೆ ಅದರ ಪೋರ್ಟ್ ಟೈಮಿಂಗ್ ಗೇರ್ ಇರುವ ಕಾರಿಗಾಗಿ ಇಟ್ಟದ್ದು. ಬೋಟಿನಲ್ಲಿ ಗೇರ್ ಇಲ್ಲ, ಎಂಜಿನ್ ಪೂರ್ತಿ ಹೊತ್ತು ಗರಿಷ್ಠ ವೇಗದಲ್ಲಿ ಭಾರ ಎಳೆಯುತ್ತದೆ. ಚಿಕ್ಕ ಪ್ರೊಪೆಲ್ಲರ್ ಹಾಕಿ, ಸ್ಪೋರ್ಟ್ ಹೈಡ್ರೋದಲ್ಲಿ ಕಲಿಯಲು ಸರಿ. ರಿಗ್ಗರ್‌ನ ವೇಗ ಬೇಕಾದರೆ ಇದರಿಂದ ಬರುವುದಿಲ್ಲ.

ಹಳೆ ಎಂಜಿನ್ ಕೊಳ್ಳುವಾಗ ಹೀಗೆ ನೋಡಿ. ಈ ಎಂಜಿನ್‌ಗಳ ಸ್ಲೀವ್ (ಪಿಸ್ಟನ್ ಓಡುವ ಕೊಳವೆ) ಮೇಲ್ಗಡೆ ಸ್ವಲ್ಪ ಕಿರಿದಾಗಿರುತ್ತದೆ. ತಣ್ಣಗಿದ್ದಾಗ ಪಿಸ್ಟನ್ ತುದಿಗೆ ಬಂದು ಬಿಗಿಯಾಗಿ ಹಿಡಿಯಬೇಕು. ಸಲೀಸಾಗಿ ದಾಟಿದರೆ ಸವೆದಿದೆ. ಹೆಡ್ ಬಿಚ್ಚಿ ಒಳಮೈ ನೋಡಿ, ಮರಳು ಹೊಡೆದಂತೆ ಚುಕ್ಕೆ ಇದ್ದರೆ ಯಾರೋ ಲೀನ್, ಅಂದರೆ ಇಂಧನ ಕಡಿಮೆ ಬಿಟ್ಟು, ಓಡಿಸಿದ್ದಾರೆ. ಬೇರಿಂಗ್ ಗರಗರ ಅಂದರೆ ತುಕ್ಕು. ನೈಟ್ರೋ ಉರಿದ ಮೇಲೆ ಉಳಿಯುವ ಆಮ್ಲ ಅದನ್ನು ತಿನ್ನುತ್ತದೆ. ಬೇರಿಂಗ್ ಬದಲಾಯಿಸಬಹುದು, ಸ್ಲೀವ್ ಹೋಗಿದ್ದರೆ ಬಿಡಿ.

7.5 ಸಿಸಿ ಬೇರೆಯದೇ ಲೋಕ. ದೊಡ್ಡ ಬೋಟು ಅಲೆಯನ್ನು ಚೆನ್ನಾಗಿ ದಾಟುತ್ತದೆ, ದೂರಕ್ಕೆ ಚೆನ್ನಾಗಿ ಕಾಣುತ್ತದೆ, ನೀಡಲ್ (ಇಂಧನದ ಪ್ರಮಾಣ ಹೊಂದಿಸುವ ಸ್ಕ್ರೂ) ಸೆಟ್ಟಿಂಗ್ ಚಿಕ್ಕ ಎಂಜಿನ್‌ಗಿಂತ ಕಡಿಮೆ ಚಂಚಲ. ಆದರೆ ತಪ್ಪಾದಾಗ ಪೆಟ್ಟೂ ದೊಡ್ಡದು. ಎರಡೂವರೆ ಕೆಜಿಯ ಚಿಕ್ಕ ಬೋಟೇ 90 ಕಿ.ಮೀ. ವೇಗದಲ್ಲಿ ಸುಮಾರು 780 ಜೂಲ್ ಶಕ್ತಿ ಹೊತ್ತಿರುತ್ತದೆ. ಅದು ದಡಕ್ಕೆ ಹತ್ತಿದರೆ ಮೂಳೆ ಮುರಿಯಲು ಸಾಕು. ದೊಡ್ಡದನ್ನು ತರುವವರು ಜನ ಇರದ ದಡ, ಕಾಯಲು ಒಬ್ಬರು, ಬೋಟು ತರಲು ಕಾಯಕ್ ಅಥವಾ ತೆಪ್ಪ, ಲೈಫ್ ಜಾಕೆಟ್ ಎಲ್ಲ ಹೊಂದಿಸಿಕೊಂಡ ಮೇಲೆ ತರಬೇಕು. 3.5ಕ್ಕೂ ಇವೇ ಬೇಕು. ಈಜಿ ತರುತ್ತೇನೆ ಅನ್ನುವ ಮಾತು ಕೆರೆಯಲ್ಲಿ ನಡೆಯುವುದಿಲ್ಲ. ಹೂಳು, ಬಲೆ, ಬಳ್ಳಿ ಇರುತ್ತವೆ.

ಸೆಟ್ಟಿಂಗ್: ಸಮುದ್ರ ಮಟ್ಟದ ಕೈಪಿಡಿ ಇಲ್ಲಿಗೆ ಸರಿಹೋಗುವುದಿಲ್ಲ

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ಸಮುದ್ರ ಮಟ್ಟಕ್ಕಿಂತ ಒಂಬತ್ತು-ಹತ್ತು ಪರ್ಸೆಂಟ್ ತೆಳು. ಎಂಜಿನ್‌ಗೆ ಅಷ್ಟು ಕಡಿಮೆ ಉಸಿರು. ಕೈಪಿಡಿಯಲ್ಲಿ ಹೇಳಿದ ನೀಡಲ್ ಇಲ್ಲಿ ಸ್ವಲ್ಪ ರಿಚ್, ಅಂದರೆ ಇಂಧನ ಜಾಸ್ತಿ, ಆಗುತ್ತದೆ. ಇದು ಒಳ್ಳೆಯದೇ. ಅಲ್ಲಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬನ್ನಿ. ಕಡಿಮೆ ನೈಟ್ರೋ ಇಂಧನ ಹಾಕುವವರು ಹೆಡ್‌ನ ಶಿಮ್ (ತೆಳು ಬಳೆ) ಒಂದನ್ನು ತೆಗೆದು ಕಂಪ್ರೆಷನ್ ಏರಿಸಬಹುದು. ಮುಂದೆ 50 ಪರ್ಸೆಂಟ್ ಹಾಕುವ ದಿನ ಶಿಮ್ ವಾಪಸ್ ಹಾಕಿ, ಪ್ಲಗ್ ಕೂಡ ಕೋಲ್ಡ್ ಪ್ಲಗ್‌ಗೆ ಬದಲಾಯಿಸಬೇಕು. ಮರೆತರೆ ಎಂಜಿನ್ ಒಳಗೆ ಕುಟ್ಟಿಕೊಳ್ಳುತ್ತದೆ.

ದಿನದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಜನವರಿಯ ಬೆಳಿಗ್ಗೆ ಏಳಕ್ಕೆ ಗಾಳಿ ತಣ್ಣಗೆ, ದಟ್ಟ. ಹಿಂದಿನ ದಿನ ಮಧ್ಯಾಹ್ನ ಸರಿ ಇದ್ದ ನೀಡಲ್ ಆಗ ಲೀನ್ ಆಗಿರುತ್ತದೆ. ಸ್ವಲ್ಪ ತೆರೆದೇ ಶುರು ಮಾಡಿ. ಚಳಿಯಲ್ಲಿ ಬಿಗಿ ಎಂಜಿನ್‌ಗೆ ಹೇರ್ ಡ್ರೈಯರ್‌ನಲ್ಲಿ ಬಿಸಿ ಕೊಟ್ಟು ಸ್ಟಾರ್ಟ್ ಮಾಡಿದರೆ ಸ್ಲೀವ್ ಹೆಚ್ಚು ದಿನ ಬಾಳುತ್ತದೆ.

ಪ್ರೊಪೆಲ್ಲರ್ ಆರಿಸಲು ಗಣಿತ ಸುಲಭ. ಆಕ್ಟುರಾ ಕಂಪನಿಯ ಎಕ್ಸ್442 ಅಂದರೆ 42 ಮಿ.ಮೀ. ವ್ಯಾಸ, ಪಿಚ್ ಅದರ 1.4 ಪಟ್ಟು. ಅಂದರೆ ಒಂದು ಸುತ್ತಿಗೆ 58.8 ಮಿ.ಮೀ. ಮುಂದಕ್ಕೆ. 28,000 ಆರ್‌ಪಿಎಂ ಬಂದರೆ ಲೆಕ್ಕದಲ್ಲಿ ಗಂಟೆಗೆ 99 ಕಿ.ಮೀ. ಜಾರುವಿಕೆಯಲ್ಲಿ ಒಂದಿಷ್ಟು ಹೋಗುತ್ತದೆ. ನಮ್ಮ ತೆಳು ಗಾಳಿಗೆ, ಕಡಿಮೆ ನೈಟ್ರೋಗೆ ಒಂದು ಸೈಜ್ ಚಿಕ್ಕದು, ಅಂದರೆ 40 ಮಿ.ಮೀ. ಹಾಕಿದರೆ ಎಂಜಿನ್ ಬೇಗ ಪೈಪಿಗೆ, ಅಂದರೆ ಟ್ಯೂನ್ಡ್ ಪೈಪ್ ಬಲ ಕೊಡುವ ವೇಗಕ್ಕೆ, ಬರುತ್ತದೆ. ದೊಡ್ಡ ಪ್ರೊಪೆಲ್ಲರ್ ಹಾಕಿ ಎಂಜಿನ್ ಏದುಸಿರು ಬಿಡುವುದಕ್ಕಿಂತ ಚಿಕ್ಕದು ಹಾಕಿ ಪೂರ್ತಿ ತಿರುಗುವುದು ವೇಗ. ಹೊಸ ಪ್ರೊಪೆಲ್ಲರ್ ಅಂಚು ಮಸೆದು, ಬ್ಯಾಲೆನ್ಸ್ ಮಾಡಿಯೇ ಹಾಕಬೇಕು. ಬೆರಿಲಿಯಂ ಕಾಪರ್‌ನದಾದರೆ ಒಣಗಿಸಿ ಉಜ್ಜಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ನೀರಿನಲ್ಲಿ ನೆನೆಸಿ, ಮಾಸ್ಕ್ ಹಾಕಿ ಉಜ್ಜಿ.

ಟ್ಯೂನ್ಡ್ ಪೈಪ್ ಉದ್ದ ಇದ್ದರೆ ಎಳೆತ ಕೆಳಗಿನ ಆರ್‌ಪಿಎಂನಲ್ಲಿ ಬರುತ್ತದೆ, ಚಿಕ್ಕದಾದರೆ ಮೇಲೆ. ಹೊಸಬರು ಉದ್ದವೇ ಇಟ್ಟುಕೊಂಡು, ಬೋಟು ತಿರುವಿನಿಂದ ಚೆನ್ನಾಗಿ ಹೊರಬರುತ್ತಿದ್ದರೆ ಮೂರು ಮಿ.ಮೀ. ಮಾತ್ರ ಕಡಿಮೆ ಮಾಡಿ ನೋಡಲಿ. ಪ್ರೊಪೆಲ್ಲರ್, ಪೈಪ್, ಸ್ಟ್ರಟ್ ಮೂರನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಸ್ಟ್ರಟ್ ಕೆಳಗಿಳಿಸಿದರೆ ಹಿಂಭಾಗ ಮೇಲೇಳುತ್ತದೆ, ಮೂತಿ ತಗ್ಗಿ ಬೋಟು ಶಾಂತವಾಗುತ್ತದೆ, ವೇಗ ಸ್ವಲ್ಪ ಇಳಿಯುತ್ತದೆ. ಮೊದಲ ಓಟಕ್ಕೆ ಅದೇ ಇರಲಿ.

ಮಗುಚಿದ ಬೋಟನ್ನು ದಡಕ್ಕೆ ತಂದ ಕೂಡಲೇ ಸ್ಟಾರ್ಟರ್ ಹಾಕಬೇಡಿ. ಪ್ಲಗ್ ಬಿಚ್ಚಿ, ಬೋಟು ತಲೆಕೆಳಗೆ ಹಿಡಿದು ನೀರು ಹೊರಹಾಕಿ. ನೀರನ್ನು ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ದಿನ ಮುಗಿದ ಮೇಲೆ ಟ್ಯಾಂಕಿನ ಇಂಧನ ಪೂರ್ತಿ ಉರಿಸಿ, ತುಕ್ಕು ತಡೆಯುವ ಆಫ್ಟರ್ ರನ್ ಎಣ್ಣೆ ಹಾಕಿ ನಾಲ್ಕು ಸುತ್ತು ತಿರುಗಿಸಿ.

ರೇಡಿಯೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2.4 ಗಿಗಾಹರ್ಟ್ಜ್‌ನ ಯಾವ ಒಳ್ಳೆಯ ಪಿಸ್ತೂಲ್ ಸೆಟ್ ಆದರೂ ಸರಿ. ಸಿಗ್ನಲ್ ಹೋದರೆ ಥ್ರಾಟಲ್ ಪೂರ್ತಿ ಮುಚ್ಚುವ ಫೇಲ್‌ಸೇಫ್ ಇರಲೇಬೇಕು. ಅದನ್ನು ಪ್ರತಿ ಸಲ ದಡದಲ್ಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ ಪರೀಕ್ಷಿಸಿ.

ನೈಟ್ರೋ ಹೊಂದದವರಿಗೆ

ಇಂಧನ ಸಿಗುವುದೇ ಇಲ್ಲ, ದೂರ ಹೋಗಲು ಆಗುವುದಿಲ್ಲ ಅನ್ನುವವರು ಅದೇ ರಿಗ್ಗರ್ ಹಲ್‌ಗೆ ಬ್ರಶ್‌ಲೆಸ್ ಮೋಟಾರ್ ಹಾಕಲಿ. ವೇಗದಲ್ಲಿ ಕಡಿಮೆ ಇಲ್ಲ, ಸದ್ದು, ಎಣ್ಣೆ ಇಲ್ಲ. 26 ಸಿಸಿ ಪೆಟ್ರೋಲ್ ಹೈಡ್ರೋಗಳೂ ಇವೆ. ಬಂಕಿನಲ್ಲಿ ಇಂಧನ ಸಿಗುತ್ತದೆ ಅನ್ನುವುದು ದೊಡ್ಡ ಅನುಕೂಲ. ಆದರೆ ಬೋಟು ಒಂದು ಮೀಟರ್ ದಾಟುತ್ತದೆ, ಭಾರ ಹೆಚ್ಚು. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಹಾಗಾಗಿ ಟ್ಯಾಂಕಿನಲ್ಲಿ ಉಳಿಸುವ ಹಾಗಿಲ್ಲ. ಒಳಗೆ ಥರ್ಮೋಕೋಲ್ ಇದ್ದರೆ ಪೆಟ್ರೋಲ್ ಅದನ್ನು ಕರಗಿಸುತ್ತದೆ.

ಯಾರಿಗೆ ಯಾವುದು

ಕಾಲೇಜಿನಲ್ಲಿದ್ದೀರಿ, ಎನ್‌ಸಿಸಿ ನೇವಲ್ ವಿಂಗ್‌ನಲ್ಲಿ ಶಿಪ್ ಮಾಡೆಲಿಂಗ್ ಮಾಡಿ ಕೈ ಪಳಗಿದೆ, ಕೈಯಲ್ಲಿ ದುಡ್ಡು ಕಡಿಮೆ. ಹಾಗಾದರೆ ಪ್ಲಾನಿನಿಂದ ಸ್ಪೋರ್ಟ್ ಹೈಡ್ರೋ, ಸೆಕೆಂಡ್ ಹ್ಯಾಂಡ್ ಬಗ್ಗಿ ಎಂಜಿನ್, 25 ಪರ್ಸೆಂಟ್ ಇಂಧನ. ಹಲ್ ಚೆನ್ನಾಗಿ ಕಟ್ಟಿ. ಮೆರೈನ್ ಎಂಜಿನ್ ಮುಂದೆ ಯಾವಾಗಲಾದರೂ ಅದೇ ಹಲ್‌ಗೆ ಕೂರುತ್ತದೆ.

ಕೆಲಸದಲ್ಲಿದ್ದೀರಿ, ಭಾನುವಾರ ಬೆಳಿಗ್ಗೆ ಮಾತ್ರ ಬಿಡುವು, ಒಬ್ಬ ಗೆಳೆಯ ಜೊತೆಗೆ ಬರುತ್ತಾನೆ. 3.5 ಸಿಸಿ ಮೆರೈನ್ ಎಂಜಿನ್, ಮರದ ರಿಗ್ಗರ್. ಗೆಳೆಯನಿಗೂ ಅದೇ ಎಂಜಿನ್, ಅದೇ ಹಲ್ ಕೊಡಿಸಿದರೆ ಪ್ರೊಪೆಲ್ಲರ್, ಪ್ಲಗ್, ಶಾಫ್ಟ್ ಹಂಚಿಕೊಳ್ಳಬಹುದು. ಒಬ್ಬರ ಸೆಟ್ಟಿಂಗ್ ಇನ್ನೊಬ್ಬರಿಗೆ ಉಪಯೋಗವಾಗುತ್ತದೆ. ನನ್ನ ಮಟ್ಟಿಗೆ ಬೆಂಗಳೂರಿಗೆ ಅತಿ ಹೊಂದುವುದು ಇದೇ ಜೋಡಿ.

ಒಬ್ಬರೇ ಓಡಿಸುತ್ತೀರಾ? ಹಾಗಿದ್ದರೆ ಸದ್ಯಕ್ಕೆ ನೈಟ್ರೋ ಬೇಡ. ತಿರುಗುವ ಪ್ರೊಪೆಲ್ಲರ್ ಹಿಡಿದುಕೊಂಡು, ಸ್ಟಾರ್ಟರ್ ಒತ್ತಿ, ರೇಡಿಯೋ ಕೈಗೆ ತೆಗೆದುಕೊಳ್ಳಲು ಎರಡು ಕೈ ಸಾಲುವುದಿಲ್ಲ. ಜೊತೆಗಾರರು ಸಿಗುವವರೆಗೆ ಹಲ್ ಕಟ್ಟುತ್ತಿರಿ, ಬೇಕಾದರೆ ಅದರಲ್ಲಿ ಮೋಟಾರ್ ಹಾಕಿ ಓಡಿಸಿ.

ಒಂದು ಸೀಸನ್ 3.5 ಓಡಿಸಿದ್ದೀರಿ, ದೊಡ್ಡ ಕೆರೆಗೆ ಅನುಮತಿ ಕೈಯಲ್ಲಿದೆ, ನಾಲ್ಕೈದು ಜನರ ತಂಡ ಇದೆ. ಆಗ 7.5 ತನ್ನಿ. ಆಗಲೂ ಹಳೆ 3.5 ಮಾರಬೇಡಿ. ಇಂಧನ ಕಡಿಮೆ ಇದ್ದ ವಾರ, ಗಾಳಿಯಿಲ್ಲದ ಬೆಳಿಗ್ಗೆ ಓಡಿಸೋಕೆ ಅದೇ ಸರಿ.